ಅಗಲುವ ಮೊದಲಿನ ಕೂಟ

ನಮ್ಮ ಮೈಯ ಬಹುತೇಕ ಜೀವಕೋಶಗಳಲ್ಲಿ ತಾಯಿ ಕೊಟ್ಟ 23 ವರ್ಣತಂತುಗಳೂ ತಂದೆ ಕೊಟ್ಟ 23 ವರ್ಣತಂತುಗಳೂ ಇರುತ್ತವೆ. ಒಂದೇ ಕೋಶಕೇಂದ್ರದೊಳಗೆ ಇದ್ದರೂ ಅವು ಒಂದನ್ನೊಂದು ಹುಡುಕಿಕೊಂಡು ಹೋಗುವುದಿಲ್ಲ. ಚರ್ಮದಲ್ಲಾಗಲಿ, ಮಿದುಳಿನಲ್ಲಾಗಲಿ, ತಾಯಿಯ ಕಡೆಯ ಒಂದನೇ ವರ್ಣತಂತು ಒಂದು ಮಗ್ಗುಲಲ್ಲಿ, ತಂದೆಯ ಕಡೆಯದು ಇನ್ನೊಂದು ಮಗ್ಗುಲಲ್ಲಿ ತಮ್ಮ ತಮ್ಮ ಕೆಲಸ ಮಾಡಿಕೊಂಡಿರುತ್ತವೆ. ಕೋಶ ಎರಡಾಗುವಾಗಲೂ ಪ್ರತಿಯೊಂದು ತನ್ನ ನಕಲು ತೆಗೆದುಕೊಂಡು, ಜೋಡಿಯ ಗೊಡವೆಯಿಲ್ಲದೆ ಎರಡಾಗಿ ಸರಿಯುತ್ತದೆ. ಇದಕ್ಕೆ ಹೊರತಾದ ಕೋಶ ಒಂದೇ ಬಗೆಯದು: ವೀರ್ಯಾಣುವನ್ನೋ ಅಂಡಾಣುವನ್ನೋ ಮಾಡಲು ಹೊರಟ ಕೋಶ. ಅಲ್ಲಿ, ಇನ್ನೂ ಹುಟ್ಟದ ಮಗುವಿನ ಅಜ್ಜ ಮತ್ತು ಅಜ್ಜಿಯಿಂದ ಬಂದ ಎರಡು ಎಳೆಗಳು ಒಂದನ್ನೊಂದು ಹುಡುಕಿ, ಉದ್ದಕ್ಕೂ ಮೈಗೆ ಮೈ ಹಚ್ಚಿ ನಿಂತು, ತುಣುಕುಗಳನ್ನು ಕೊಟ್ಟು ತೆಗೆದುಕೊಂಡು, ಆಮೇಲೆ ಅಗಲುತ್ತವೆ. ಅವು ಕೂಡುವುದು ಅದೊಂದೇ ಸಲ. ಹೂವಿನ ಪರಾಗಕೋಶದಲ್ಲೂ ಮಿಡತೆಯ ವೃಷಣದಲ್ಲೂ ನಡೆಯುವುದು ಇದೇ. ಪಠ್ಯಪುಸ್ತಕದಲ್ಲಿ ಇದರ ಹೆಸರು ಮಿಯಾಸಿಸ್.

ಹೆಣ್ಣುಮಗುವಿನಲ್ಲಿ ಈ ಕೂಟ ಶುರುವಾಗುವುದು ಅವಳಿನ್ನೂ ತಾಯಿಯ ಗರ್ಭದಲ್ಲಿರುವಾಗ; ಆಮೇಲೆ ಅದು ವರ್ಷಗಟ್ಟಲೆ ಅರ್ಧಕ್ಕೆ ನಿಂತಿರುತ್ತದೆ. ಗಂಡಿನಲ್ಲಿ ಪ್ರಾಯ ಬಂದಂದಿನಿಂದ ಅದು ದಿನನಿತ್ಯದ ಕೆಲಸ. ವೃಷಣದ ಸಣ್ಣ ನಾಳಗಳಿಂದ ದಿನಕ್ಕೆ ಕೋಟಿಗಟ್ಟಲೆ ವೀರ್ಯಾಣುಗಳು ಹೊರಡುತ್ತವೆ. ಇಷ್ಟು ಹೇರಳವಾಗಿ ಮಾಡುವ ಕೆಲಸದಲ್ಲಿ ಕೈ ಸಡಿಲ ಇದ್ದೀತು ಎಂದು ಯಾರಿಗಾದರೂ ಅನ್ನಿಸಬಹುದು. ಗಂಡಿನ ಮಿಯಾಸಿಸ್ಸನ್ನು ಹತ್ತಿರದಿಂದ ನೋಡಿದಷ್ಟೂ ನನ್ನನ್ನು ಹಿಡಿದು ನಿಲ್ಲಿಸುವುದು ಅದರ ಕಟ್ಟುನಿಟ್ಟು. ಕೋಟಿಯಲ್ಲಿ ಒಂದಾದ ಕೋಶದಲ್ಲೂ ಜೋಡಿಗಳು ಸೇರಲೇಬೇಕು, ಮುರಿಯಲೇಬೇಕು, ಮುರಿದದ್ದು ಜೋಡಿಯ ನೆರವಿನಿಂದ ಕೂಡಿಕೊಳ್ಳಲೇಬೇಕು. ಅಲ್ಲಿಯವರೆಗೆ ಅಗಲಲು ಅಪ್ಪಣೆಯಿಲ್ಲ.

ಇದನ್ನು ಕಣ್ಣಾರೆ ನೋಡಿ ಅರ್ಥಮಾಡಿಕೊಂಡವರಲ್ಲಿ ವಾಲ್ಟರ್ ಸಟನ್ ನನಗೆ ಬಹಳ ಇಷ್ಟದವನು. ಅಮೆರಿಕದ ಕನ್ಸಾಸ್‌ನ ಹೊಲದಲ್ಲಿ ಬೆಳೆದ ಹುಡುಗ. ಅಲ್ಲಿನ ದಪ್ಪ ಮಿಡತೆಯೊಂದರ ವೃಷಣವನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡುತ್ತ 1902 ಮತ್ತು 1903ರಲ್ಲಿ ಎರಡು ಲೇಖನ ಬರೆದ. ಆಗ ಅವನಿನ್ನೂ ಕೊಲಂಬಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿ. ಆ ಮಿಡತೆಯಲ್ಲಿ 11 ಜೋಡಿ ವರ್ಣತಂತುಗಳು, ಜೊತೆಗೆ ಒಂದು ಒಂಟಿ. ಜೋಡಿಗಳ ಗಾತ್ರ ಬೇರೆಬೇರೆ, ಆದರೆ ಕೋಶದಿಂದ ಕೋಶಕ್ಕೆ ಅದೇ ಶ್ರೇಣಿ. ಜೋಡಿಯಲ್ಲಿ ಒಂದು ತಾಯಿಯದು, ಒಂದು ತಂದೆಯದು. ಅಗಲುವಾಗ ಯಾವುದು ಯಾವ ಕಡೆಗೆ ಹೋಗುತ್ತದೆಂಬುದು ಪ್ರತಿ ಜೋಡಿಗೂ ಬೇರೆಯೇ ತೀರ್ಮಾನ. ಮೆಂಡಲ್ ಬಟಾಣಿ ಗಿಡಗಳ ಲೆಕ್ಕದಲ್ಲಿ ಕಂಡದ್ದನ್ನು ಸಟನ್ ಮಿಡತೆಯ ಕೋಶದೊಳಗೆ ಗುರುತಿಸಿದ. 11 ಜೋಡಿಗೆ 2048 ಬಗೆಯ ಹಂಚಿಕೆ ಸಾಧ್ಯ. ನಮ್ಮ 23 ಜೋಡಿಗೆ ಈ ಲೆಕ್ಕ 83 ಲಕ್ಷ ದಾಟುತ್ತದೆ, ಅದೂ ತುಣುಕುಗಳ ವಿನಿಮಯವನ್ನು ಬಿಟ್ಟು. ಸಟನ್ ಆಮೇಲೆ ಶಸ್ತ್ರವೈದ್ಯನಾದ; 1916ರಲ್ಲಿ, 39ನೇ ವಯಸ್ಸಿನಲ್ಲಿ, ಅಪೆಂಡಿಸೈಟಿಸ್‌ನಿಂದ ತೀರಿಕೊಂಡ. ಮಿಡತೆಗೆ ಕೊಟ್ಟ ಆ ಕೆಲವೇ ವರ್ಷಗಳು ಅವನ ಹೆಸರನ್ನು ಉಳಿಸಿವೆ.

ಮಿಡತೆಯೇ ಏಕೆ ಎಂದರೆ, ಅದರ ವರ್ಣತಂತುಗಳು ದಪ್ಪ, ಎದ್ದು ಕಾಣುತ್ತವೆ. ವೃಷಣದ ಕೊಳವೆಯಲ್ಲಿ ತುದಿಯಿಂದ ಬುಡದತ್ತ ಬಂದಂತೆ ಮಿಯಾಸಿಸ್‌ನ ಹಂತಗಳೂ ಮುಂದುವರಿಯುತ್ತವೆ. ನಮ್ಮಲ್ಲೂ ಬಿಎಸ್‌ಸಿ ಓದಿದ ಹಿಂದಿನವರಿಗೆ ಎಕ್ಕದ ಗಿಡದ ಮೇಲೆ ಕೂರುವ ಹಳದಿ-ನೀಲಿ ಪಟ್ಟೆಯ ಮಿಡತೆ ನೆನಪಿರಬೇಕು. ಅದರ ಗಂಡಿನಲ್ಲಿ 19 ವರ್ಣತಂತು: ಒಂಬತ್ತು ಜೋಡಿ, ಜೋಡಿಯಿಲ್ಲದ ಒಂದು ಎಕ್ಸ್. ಎಕ್ಸ್ ಸಿಕ್ಕ ವೀರ್ಯಾಣುವಿನಿಂದ ಹೆಣ್ಣು, ಸಿಗದ್ದರಿಂದ ಗಂಡು. ಈಗ ಪ್ರಯೋಗಾಲಯಗಳಲ್ಲಿ ಪ್ರಾಣಿಗಳ ಬಳಕೆ ತಗ್ಗಿದೆ, ಅದು ಒಳ್ಳೆಯದೇ. ಆದರೂ ಅಸಿಟೋಕಾರ್ಮಿನ್‌ನ ಕೆಂಪು ಬಣ್ಣ ಹಿಡಿದ ಆ ಎಳೆಗಳ ಅಂದ ಒಮ್ಮೆ ಕಂಡವರ ಕಣ್ಣಿನಿಂದ ಬೇಗ ಹೋಗುವಂಥದ್ದಲ್ಲ.

ಮೊದಲ ಹಂತದಲ್ಲಿ ಕಾಣುವುದು ಕೂದಲಿಗಿಂತ ತೆಳ್ಳನೆಯ ಎಳೆಗಳ ಗೋಜಲು. ಎಲ್ಲಿ ಆರಂಭ, ಎಲ್ಲಿ ಕೊನೆ ಎಂದು ತಿಳಿಯದು. ಆಮೇಲೆ ಎಳೆಗಳ ತುದಿಗಳೆಲ್ಲ ಕೋಶಕೇಂದ್ರದ ಪೊರೆಗೆ ಅಂಟಿ, ಸರಿದು ಸರಿದು ಒಂದೇ ಬದಿಯಲ್ಲಿ ಒಟ್ಟಾಗುತ್ತವೆ. ಪೊರೆಯನ್ನು ಹಾಯ್ದು ನಿಂತ ಪ್ರೋಟೀನುಗಳು ಒಳಗಿನ ತುದಿಗಳನ್ನು ಹೊರಗಿನ ಚಾಲಕ ಪ್ರೋಟೀನುಗಳಿಗೆ ಕಟ್ಟುತ್ತವೆ. ಹೊರಗೆ ಎಳೆದರೆ ಒಳಗಿನ ಎಳೆಗಳೆಲ್ಲ ಅಲುಗುತ್ತವೆ. ಮೆಕ್ಕೆಜೋಳದ ಪರಾಗದ ತಾಯಿಕೋಶಗಳಲ್ಲೂ ಇಲಿಯ ವೃಷಣದ ಕೋಶಗಳಲ್ಲೂ ಈ ಚಲನೆಯನ್ನು ಜೀವಂತವಾಗಿ ಚಿತ್ರೀಕರಿಸಿದ್ದಾರೆ. ನೋಡುತ್ತಿದ್ದರೆ ಎಳೆಗಳು ತಡಕಾಡುತ್ತಿವೆ ಅನ್ನಿಸುತ್ತದೆ. ತಪ್ಪು ಜೋಡಿ ತಾಕಿದರೆ ಎಳೆತಕ್ಕೆ ಬಿಟ್ಟುಕೊಳ್ಳುತ್ತದೆ, ಸರಿಯಾದ ಜೋಡಿ ಸಿಕ್ಕರೆ ಅಲ್ಲಿಂದ ಅಂಟುವಿಕೆ ಹಬ್ಬುತ್ತದೆ. ಕೊನೆಗೆ ಗೋಜಲು ಹರಿದು, ಎಣಿಸಬಹುದಾದ ದಪ್ಪ ಎಳೆಗಳು ನಿಲ್ಲುತ್ತವೆ. ಒಂದೊಂದೂ ಎರಡು. ಈ ಹಂತವನ್ನು ಪ್ಯಾಕಿಟೀನ್ ಎನ್ನುತ್ತಾರೆ. ತಳಿವಿಜ್ಞಾನಿ ಬಾರ್ಬರಾ ಮೆಕ್ಲಿಂಟಾಕ್ ಮೆಕ್ಕೆಜೋಳದ ಹತ್ತು ಜೋಡಿಗಳನ್ನು ಒಂದೊಂದಾಗಿ ಗುರುತಿಸಿ ಹೆಸರು ಹಿಡಿದು ಕರೆಯುವಂತಾದದ್ದು, 1931ರಲ್ಲಿ ಹ್ಯಾರಿಯೆಟ್ ಕ್ರೈಟನ್ ಜೊತೆ ಸೇರಿ ಜೀನುಗಳ ವಿನಿಮಯವೆಂದರೆ ವರ್ಣತಂತುಗಳ ತುಣುಕುಗಳ ವಿನಿಮಯವೇ ಎಂದು ತೋರಿಸಿದ್ದು, ಪರಾಗವಾಗಲಿರುವ ಕೋಶಗಳನ್ನು ಹಿಸುಕಿ ನೋಡಿಯೇ.

1956ರಲ್ಲಿ ಮಾಂಟ್ರೋಸ್ ಮೋಸೆಸ್ ಎಂಬಾತ ಸಿಹಿನೀರಿನ ಕ್ರೇಫಿಶ್‌ನ ವೃಷಣವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಜೋಡಿಯ ನಡುವೆ ಇನ್ನೊಂದು ಕಟ್ಟಡ ಕಂಡಿತು. ಎರಡು ಬದಿಗೆ ಎರಡು ದಂಡೆ, ನಡುವೆ ಅಡ್ಡಗೆರೆಗಳ ಸಾಲು. ಅಗಲ ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲು. ಅದೇ ವರ್ಷ ಡಾನ್ ಫಾಸೆಟ್ ಪಾರಿವಾಳ, ಬೆಕ್ಕು ಮತ್ತು ಮನುಷ್ಯನಲ್ಲಿ ಇದನ್ನೇ ಕಂಡ. ಇದರ ಹೆಸರು ಸಿನಾಪ್ಟೊನೀಮಲ್ ಕಾಂಪ್ಲೆಕ್ಸ್. ಯೀಸ್ಟ್, ಲಿಲ್ಲಿ, ಇಲಿ ಮೂರರಲ್ಲೂ ಆಕಾರ ಹೆಚ್ಚುಕಡಿಮೆ ಒಂದೇ. ಆದರೆ ಅಡ್ಡಗೆರೆಗಳ ಪ್ರೋಟೀನುಗಳ ಅಮೈನೋ ಆಮ್ಲಗಳ ಸಾಲು ಹೋಲಿಸಿದರೆ ಹೊಂದಿಕೆ ಬಹಳ ಕಡಿಮೆ. ಸಾಮಗ್ರಿ ಬದಲಾಗುತ್ತ ಬಂದಿದೆ, ಕಟ್ಟಡದ ನಕ್ಷೆ ಉಳಿದಿದೆ. ನೂರು ಕೋಟಿ ವರ್ಷಗಳಷ್ಟು ಹಿಂದೆ ಕವಲೊಡೆದ ವಂಶಗಳಲ್ಲಿ ಇದನ್ನು ಕಾಣುವಾಗ ನನಗೆ ಮಾತು ಸಾಲುವುದಿಲ್ಲ.

ಈಗ ಮುರಿಯುವ ವಿಷಯಕ್ಕೆ ಬರುತ್ತೇನೆ. ನನ್ನ ಮಟ್ಟಿಗೆ ಈ ಇಡೀ ಕಥನದ ಜೀವ ಇಲ್ಲಿದೆ. ಡಿಎನ್ಎಯ ಎರಡೂ ಎಳೆ ತುಂಡಾಗುವುದು ಯಾವ ಕೋಶಕ್ಕೂ ಅಪಾಯದ ಗಾಯ. ಕ್ಷಕಿರಣದಿಂದ ಆದಾಗ ಅದಕ್ಕೆ ನಾವು ಹೆದರುತ್ತೇವೆ. ಮಿಯಾಸಿಸ್‌ಗೆ ಕಾಲಿಟ್ಟ ಕೋಶ ಆ ಗಾಯವನ್ನು ತಾನಾಗಿ, ಒಂದೆರಡಲ್ಲ, ನೂರಾರು ಕಡೆ ಮಾಡಿಕೊಳ್ಳುತ್ತದೆ. ಕತ್ತರಿಸುವ ಪ್ರೋಟೀನು ಸ್ಪೋ11. 1997ರಲ್ಲಿ ಸ್ಕಾಟ್ ಕೀನಿ, ನ್ಯಾನ್ಸಿ ಕ್ಲೆಕ್ನರ್ ಮತ್ತು ಸಂಗಡಿಗರು ಯೀಸ್ಟಿನಲ್ಲಿ ಅದನ್ನು ಹಿಡಿದರು. ಅದೇ ವರ್ಷ ಫ್ರೆಂಚ್ ತಂಡವೊಂದು ಆರ್ಕಿಯಾ ಎಂಬ ಪ್ರಾಚೀನ ಏಕಕೋಶ ಜೀವಿಗಳ ಕಿಣ್ವವೊಂದಕ್ಕೂ ಇದಕ್ಕೂ ನಂಟಿದೆಯೆಂದು ತೋರಿಸಿತು. ಡಿಎನ್ಎಯ ಸಿಕ್ಕು ಬಿಡಿಸಲು ಕತ್ತರಿಸಿ ಮತ್ತೆ ಅಂಟಿಸುತ್ತಿದ್ದ ಕಿಣ್ವದ ವಂಶಸ್ಥ, ಇಲ್ಲಿ ಕತ್ತರಿಸುವುದನ್ನಷ್ಟೇ ಉಳಿಸಿಕೊಂಡಿದೆ. ಇಲಿಯ ಒಂದು ಕೋಶದಲ್ಲಿ 200ರಿಂದ 300 ಕಡೆ ಕತ್ತರಿ ಬೀಳುತ್ತದೆ. ಸ್ಪೋ11 ಇಲ್ಲದ ಗಂಡಿಲಿಯಲ್ಲಿ ಜೋಡಿಗಳು ಸರಿಯಾಗಿ ಕೂಡುವುದಿಲ್ಲ, ವೀರ್ಯಾಣು ಆಗುವುದೇ ಇಲ್ಲ. ಸಾಸಿವೆಯ ಬಳಗದ ಪುಟ್ಟ ಗಿಡ ಅರಾಬಿಡಾಪ್ಸಿಸ್‌ನಲ್ಲೂ ಹಾಗೇ. ಅಲ್ಲಿ ಒಂಟಿ ವರ್ಣತಂತುಗಳು ಎತ್ತೆತ್ತಲೋ ಚೆದರಿ ಹೋಗುತ್ತವೆ.

ತುಂಡಾದ ತುದಿ ತನ್ನ ಮುರಿದ ಮಾತನ್ನು ಎಲ್ಲಿಂದ ಓದಿ ತುಂಬಿಸಿಕೊಳ್ಳಬೇಕು? ಪಕ್ಕದಲ್ಲೇ ತನ್ನದೇ ನಕಲಿದೆ. ಬೇರೆ ಕೋಶಗಳಲ್ಲಿ ಅದನ್ನೇ ನೋಡಿ ಸರಿಮಾಡಿಕೊಳ್ಳುತ್ತದೆ. ಇಲ್ಲಿ ಮಾತ್ರ ಕೋಶ ಆ ಸುಲಭದ ದಾರಿಗೆ ಅಡ್ಡ ನಿಲ್ಲುತ್ತದೆ. 1992ರಲ್ಲಿ ಯೀಸ್ಟಿನಲ್ಲಿ ಸಿಕ್ಕ ಡಿಎಂಸಿ1 ಎಂಬ ಪ್ರೋಟೀನು ಮಿಯಾಸಿಸ್‌ನಲ್ಲಿ ಮಾತ್ರ ದುಡಿಯುತ್ತದೆ. ತನ್ನ ಬಂಧು ರ‍್ಯಾಡ್51 ಜೊತೆ ಸೇರಿ ಬೆತ್ತಲೆ ತುದಿಯನ್ನು ಹೊದ್ದು, ಅದನ್ನು ಎದುರಿನ ಜೋಡಿಯೊಳಗೆ ಹುಡುಕಲು ಕಳಿಸುತ್ತದೆ. ಇವೆರಡನ್ನೂ ಗಾಯದ ತುದಿಗೆ ತಂದು ಕೂರಿಸುವುದರಲ್ಲಿ ಬಿಆರ್‌ಸಿಎ2ಗೂ ಪಾಲಿದೆ. ಸ್ತನ ಕ್ಯಾನ್ಸರಿನ ಚರ್ಚೆಯಲ್ಲಿ ಬರುವ ಅದೇ ಜೀನು. ಹೀಗೆ ತಾಯಿಯ ಎಳೆ ತನ್ನ ಗಾಯಕ್ಕೆ ತಂದೆಯ ಎಳೆಯಿಂದ ಮದ್ದು ತರುತ್ತದೆ. ಜೋಡಿಯ ಗುರುತು ಹಿಡಿಯುವ ವಿಧಾನವೂ ಇದೇ. ಕೂಡಲಿಕ್ಕೆಂದೇ ಮುರಿಯುವುದು. ಇದಕ್ಕಿಂತ ಗಾಢವಾದ ಸಂಗತಿ ಜೀವವಿಜ್ಞಾನದಲ್ಲಿ ನನಗೆ ಬೇರೆ ಗೊತ್ತಿಲ್ಲ.

ಮುರಿದದ್ದರಲ್ಲಿ ಹೆಚ್ಚಿನವು ಸದ್ದಿಲ್ಲದೆ ಮಾಯುತ್ತವೆ. ಇಲಿಯಲ್ಲಿ ಹತ್ತರಲ್ಲಿ ಒಂದಷ್ಟೇ ಪೂರ್ಣ ವಿನಿಮಯವಾಗಿ, ಅಂದರೆ ಕ್ರಾಸಿಂಗ್ ಓವರ್ ಆಗಿ, ಮುಗಿಯುತ್ತದೆ. ಮನುಷ್ಯನ ವೃಷಣದ ಒಂದು ಕೋಶದಲ್ಲಿ ಅಂಥವು ಸುಮಾರು 50, ಅರಾಬಿಡಾಪ್ಸಿಸ್‌ನ ಪರಾಗದ ತಾಯಿಕೋಶದಲ್ಲಿ ಸುಮಾರು 10. ಸಂಖ್ಯೆಗಿಂತ ಹಂಚಿಕೆ ಸೊಗಸು. ಅರಾಬಿಡಾಪ್ಸಿಸ್‌ನಲ್ಲಿ ಐದೇ ಜೋಡಿ. ಪ್ರತಿ ಜೋಡಿಗೂ ಕನಿಷ್ಠ ಒಂದು ಸಿಗುತ್ತದೆ, ಎರಡು ಸಿಕ್ಕರೆ ಅವು ದೂರ ದೂರ ಇರುತ್ತವೆ. ಈ ಅಂತರವನ್ನು ತಳಿವಿಜ್ಞಾನಿ ಮುಲ್ಲರ್ 1916ರಷ್ಟು ಹಿಂದೆಯೇ ಹಣ್ಣುನೊಣದಲ್ಲಿ ಚರ್ಚಿಸಿದ್ದ. ಒಂದು ವಿನಿಮಯ ಇನ್ನೊಂದನ್ನು ದೂರ ಇಡುವುದು ಹೇಗೆಂಬುದು ನೂರು ವರ್ಷ ಬಗೆಹರಿಯಲಿಲ್ಲ. 2021ರಲ್ಲಿ ನಾರ್ವಿಚ್‌ನ ಜಾನ್ ಇನ್ಸ್ ಸೆಂಟರ್‌ನ ತಂಡ ಅರಾಬಿಡಾಪ್ಸಿಸ್‌ನ ಗಂಡು ಕೋಶಗಳನ್ನು ನೋಡಿ ಮುಂದಿಟ್ಟ ಉತ್ತರ ಇದು. ಎಚ್‌ಇಐ10 ಎಂಬ ಪ್ರೋಟೀನು ಮೊದಲು ಜೋಡಿಯ ಉದ್ದಕ್ಕೂ ಸಣ್ಣ ಸಣ್ಣ ಚುಕ್ಕಿಗಳಾಗಿ ಕೂತಿರುತ್ತದೆ. ಅದರ ಅಣುಗಳು ಎಳೆಗುಂಟ ಹರಿದಾಡುತ್ತವೆ. ತುಸು ದೊಡ್ಡದಾದ ಚುಕ್ಕಿ, ಆಳದ ಬೋರ್‌ವೆಲ್ ಸುತ್ತಲಿನ ತೆರೆದ ಬಾವಿಗಳ ನೀರನ್ನು ಎಳೆದುಕೊಳ್ಳುವ ಹಾಗೆ, ಅಕ್ಕಪಕ್ಕದವನ್ನು ಬತ್ತಿಸಿ ತಾನು ಬೆಳೆಯುತ್ತದೆ. ಕೊನೆಗೆ ಉಳಿಯುವುದು ಒಂದೋ ಎರಡೋ, ಒಂದರಿಂದೊಂದು ದೂರದಲ್ಲಿ. ವಿನಿಮಯ ನಡೆಯುವುದು ಅವು ನಿಂತಲ್ಲಿ. ಎಚ್‌ಇಐ10 ಹೆಚ್ಚು ಮಾಡಿದರೆ ವಿನಿಮಯಗಳೂ ಹೆಚ್ಚುತ್ತವೆ. ಅಳೆದು ಹಂಚುವವರು ಯಾರೂ ಇಲ್ಲದೆ, ಹರಿವಿನ ನಿಯಮದಿಂದಲೇ ಇಷ್ಟು ಹದವಾದ ಹಂಚಿಕೆ!

ವಿನಿಮಯವಾದ ಜಾಗ ಮುಂದೆ ಕಯಾಸ್ಮ ಎಂಬ ಅಡ್ಡಗಂಟಾಗಿ ಕಣ್ಣಿಗೆ ಬೀಳುತ್ತದೆ. ಜೋಡಿ ಬಿಡಿಸಿಕೊಳ್ಳಲು ನೋಡುತ್ತಿರುತ್ತದೆ, ಗಂಟು ಹಿಡಿದಿರುತ್ತದೆ. ಎರಡು ಬದಿಯಿಂದ ಎಳೆದಾಗ ಬಿಗಿ ಬರುವುದು ಈ ಗಂಟಿನಿಂದ. ಬಿಗಿ ಬಂದರೆ ಮಾತ್ರ ಜೋಡಿ ಸರಿಯಾಗಿ ನಿಂತಿದೆ ಎಂದು ಕೋಶಕ್ಕೆ ತಿಳಿಯುತ್ತದೆ. ಗಂಟಿಲ್ಲದ ಜೋಡಿ ಎತ್ತ ಹೋದೀತೆಂದು ಹೇಳಲಾಗದು. ಮಿಯಾಸಿಸ್‌ನ ಎರಡು ವಿಭಜನೆಗಳಲ್ಲಿ ಮೊದಲನೆಯದರಲ್ಲಿ ವರ್ಣತಂತುವಿನ ತೋಳುಗಳ ಅಂಟು ಬಿಡುತ್ತದೆ, ಆದರೆ ಅದರ ನಡುಗಂಟಿನ, ಅಂದರೆ ಸೆಂಟ್ರೊಮಿಯರ್‌ನ, ಬಳಿಯ ಅಂಟನ್ನು ಶುಗೋಶಿನ್ ಎಂಬ ಪ್ರೋಟೀನು ಎರಡನೇ ವಿಭಜನೆಯವರೆಗೆ ಕಾಯುತ್ತದೆ. 2004ರಲ್ಲಿ ಟೋಕಿಯೋದ ತಂಡವೊಂದು ಇದಕ್ಕೆ ಹೆಸರಿಟ್ಟಿತು.

ನಿಯಮ ಇಷ್ಟು ಬಿಗಿಯಾಗಿರುವಲ್ಲಿ ಅದನ್ನು ಮೀರಿ ಗೆದ್ದವರನ್ನು ನೋಡುವುದೂ ಒಂದು ಸುಖ. ಗಂಡು ಹಣ್ಣುನೊಣದಲ್ಲಿ ಕ್ರಾಸಿಂಗ್ ಓವರ್ ಇಲ್ಲವೇ ಇಲ್ಲ. 1912ರಲ್ಲಿ ತಳಿವಿಜ್ಞಾನಿ ಮಾರ್ಗನ್ ಇದನ್ನು ಗುರುತಿಸಿದ. ಅಲ್ಲಿ ಜೋಡಿಗಳನ್ನು ಹಿಡಿದಿಡಲು ಬೇರೆಯೇ ಪ್ರೋಟೀನುಗಳಿವೆ. ಎಕ್ಸ್ ಮತ್ತು ವೈ, ರೈಬೊಸೋಮ್ ಜೀನುಗಳ ನಡುವಿನ, ಡಿಎನ್ಎಯ 240 ಅಕ್ಷರಗಳ ಪುಟ್ಟ ಪುನರಾವರ್ತನೆಗಳ ಬಳಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ರೇಷ್ಮೆ ಹುಳುವಿನಲ್ಲಿ ಇದರ ತಿರುವು ಮುರುವು: ಗಂಡಿನಲ್ಲಿ ವಿನಿಮಯವಿದೆ, ಹೆಣ್ಣಿನಲ್ಲಿಲ್ಲ. ಎರಡರಲ್ಲೂ ಒಂದು ಹೊಂದಿಕೆ ಕಾಣುತ್ತದೆ. ನೊಣದಲ್ಲಿ ಬೇರೆಬೇರೆ ಲಿಂಗ ವರ್ಣತಂತು ಹೊತ್ತವನು ಗಂಡು, ರೇಷ್ಮೆಯಲ್ಲಿ ಹೊತ್ತವಳು ಹೆಣ್ಣು. ವಿನಿಮಯ ನಿಂತಿರುವುದು ಅವರಲ್ಲೇ. 1922ರಲ್ಲಿ ತಳಿವಿಜ್ಞಾನಿ ಹಾಲ್ಡೇನ್ ಇದನ್ನು ಎತ್ತಿ ತೋರಿಸಿದ. ನಮ್ಮ ರೇಷ್ಮೆ ಬೆಳೆಗಾರರ ಮನೆಗೆ ಬರುವ ಮಿಶ್ರತಳಿ ಮೊಟ್ಟೆ ಬಹುಮಟ್ಟಿಗೆ ಶುದ್ಧ ಮೈಸೂರು ಹೆಣ್ಣು ಪತಂಗ ಮತ್ತು ದ್ವಿತಳಿ ಗಂಡು ಪತಂಗದ್ದು. ಅಂಥ ಮಿಶ್ರತಳಿಯಿಂದ ಮುಂದೆ ಹೊಸ ತಳಿ ಕಟ್ಟಹೊರಟರೆ, 28 ಜೋಡಿ ವರ್ಣತಂತುಗಳ ಒಳಗೆ ಎರಡು ತಳಿಗಳ ಗುಣಗಳನ್ನು ಹೆಣೆದು ಕೊಡುವುದು ಗಂಡು ಪತಂಗ ಮಾತ್ರ. ಹೆಣ್ಣು ತನಗೆ ಬಂದ ಎಳೆಗಳನ್ನು ಇಡಿಯಾಗಿ ದಾಟಿಸುತ್ತದೆ.

ಗಂಡು ರೇಷ್ಮೆ ಪತಂಗದ ಇನ್ನೊಂದು ವಿಚಿತ್ರವನ್ನು ಬಿಡಲಾರೆ. ಅದು ಎರಡು ಬಗೆಯ ವೀರ್ಯಾಣು ಮಾಡುತ್ತದೆ. ಒಂದರಲ್ಲಿ ಕೋಶಕೇಂದ್ರವಿದೆ, ಅದರಿಂದ ಸಂತಾನ. ಇನ್ನೊಂದು ಬಗೆಯದು ಅಡ್ಡಾದಿಡ್ಡಿ ಮಿಯಾಸಿಸ್‌ನಿಂದ ಹುಟ್ಟಿ, ಬೆಳೆಯುವಾಗ ಕೋಶಕೇಂದ್ರವನ್ನೇ ಹೊರಹಾಕುತ್ತದೆ. ವರ್ಣತಂತುವೇ ಇಲ್ಲದ ವೀರ್ಯಾಣು! ಅದಿಲ್ಲದಿದ್ದರೆ ಮೊದಲನೆಯದು ಹೆಣ್ಣಿನ ವೀರ್ಯಕೋಶದವರೆಗೆ ತಲುಪುವುದಿಲ್ಲ. ತನ್ನದೇನನ್ನೂ ದಾಟಿಸದೆ ಜೊತೆಗಾರನನ್ನು ದಡ ಮುಟ್ಟಿಸುವ ಈ ಬಗೆ ಹುಟ್ಟಬೇಕಾದರೆ ಸೆಕ್ಸ್-ಲೀಥಲ್ ಎಂಬ ಜೀನು ಬೇಕು. ಹಣ್ಣುನೊಣದಲ್ಲಿ ಹೆಣ್ಣುತನವನ್ನು ತೀರ್ಮಾನಿಸುವ ಜೀನು ಇಲ್ಲಿ ಬೇರೆ ಕೆಲಸಕ್ಕೆ ನಿಂತಿದೆ.

ಪಶ್ಚಿಮ ಘಟ್ಟದ ಕಾಡುಗಳಲ್ಲಿ ನಾಯಿಯಂತೆ ಬೊಗಳುವ ಕಾಡುಕುರಿಯ ಹೆಣ್ಣಿನಲ್ಲಿ 6, ಗಂಡಿನಲ್ಲಿ 7 ವರ್ಣತಂತು. ಸಸ್ತನಿಗಳಲ್ಲಿ ಇಷ್ಟು ಕಡಿಮೆ ಇನ್ನಾವುದಕ್ಕೂ ತಿಳಿದಿಲ್ಲ; 1970ರಲ್ಲಿ ಇದು ಪ್ರಕಟವಾದಾಗ ನಂಬುವುದು ಕಷ್ಟವಾಗಿತ್ತಂತೆ. ಅದರ ಹತ್ತಿರದ ಚೀನೀ ಬಂಧುವಿಗೆ 46. ವರ್ಣತಂತುಗಳು ಸಾಲಾಗಿ ಅಂಟುತ್ತ ಬಂದು ಎಕ್ಸ್ ಕೂಡ ಬೇರೊಂದಕ್ಕೆ ಅಂಟಿದ್ದರಿಂದ, ಗಂಡು ಕಾಡುಕುರಿಯ ಮಿಯಾಸಿಸ್‌ನಲ್ಲಿ ಮೂರು ವರ್ಣತಂತು ಕೂಡಿ ಸರಿಯಾಗಿ ಬೇರಾಗಬೇಕು. ಆಸ್ಟ್ರೇಲಿಯದ ಪ್ಲಾಟಿಪಸ್ ಇದನ್ನೂ ಮೀರಿಸಿದೆ. ಗಂಡಿಗೆ ಐದು ಎಕ್ಸ್, ಐದು ವೈ. ಹತ್ತೂ ಒಂದರ ತುದಿಗೊಂದು ಹಿಡಿದು ಸರಪಳಿಯಾಗಿ ನಿಂತು, ಒಂದು ಬಿಟ್ಟು ಒಂದು ಆಚೀಚೆ ಸರಿಯುತ್ತವೆ. ಎಕ್ಸ್‌ಗಳೆಲ್ಲ ಒಂದು ವೀರ್ಯಾಣುವಿಗೆ, ವೈಗಳೆಲ್ಲ ಇನ್ನೊಂದಕ್ಕೆ.

ನಮ್ಮ ಎಕ್ಸ್ ಮತ್ತು ವೈಗೂ ಸಮಸ್ಯೆ ಸಣ್ಣದಲ್ಲ. ಎರಡಕ್ಕೂ ಹೋಲಿಕೆ ಉಳಿದಿರುವುದು ಮುಖ್ಯವಾಗಿ ಒಂದು ತುದಿಯ ಸುಮಾರು 27 ಲಕ್ಷ ಅಕ್ಷರಗಳಲ್ಲಿ. ಪ್ರತಿ ಕೋಶದಲ್ಲೂ ಅಷ್ಟು ಚಿಕ್ಕ ಜಾಗದಲ್ಲಿ ಒಂದು ವಿನಿಮಯ ಆಗಬೇಕು. ತಪ್ಪಿದರೆ ಎಕ್ಸ್ ಮತ್ತು ವೈ ಎರಡನ್ನೂ ಹೊತ್ತ ವೀರ್ಯಾಣು ಹೊರಡಬಹುದು. ಎಕ್ಸ್‌ಎಕ್ಸ್‌ವೈ ಆಗಿ ಹುಟ್ಟುವವರಲ್ಲಿ ಅರ್ಧದಷ್ಟು ಮಂದಿಗೆ ಮೂಲ ತಂದೆಯ ಮಿಯಾಸಿಸ್. ಎಕ್ಸ್, ವೈಗಳ ಉಳಿದ ಒಂಟಿ ಭಾಗಗಳನ್ನು ಕೋಶ ಒಂದು ಮೂಲೆಗೆ ಸರಿಸಿ ಮೌನವಾಗಿಸುತ್ತದೆ. ಈ ಮೌನ ಕೆಟ್ಟರೆ ಕೋಶ ಸಾಯುತ್ತದೆ.

ಸಾಯುವುದೇ ಗಂಡಿನ ಬದಿಯ ಕಟ್ಟುನಿಟ್ಟು. ಸ್ಟಾಕ್‌ಹೋಮ್‌ನ ವಿಜ್ಞಾನಿಗಳು ಎಸ್‌ವೈಸಿಪಿ3 ಎಂಬ ಪ್ರೋಟೀನು ಇಲ್ಲದ ಇಲಿಗಳನ್ನು ಬೆಳೆಸಿದರು. ಗಂಡುಗಳು ಪೂರ್ತಿ ಬಂಜೆ. ಒಂದು ಕೋಶವೂ ದಾಟಲಿಲ್ಲ. ಹೆಣ್ಣುಗಳು ಮರಿ ಹಾಕಿದವು, ಆದರೆ ವರ್ಣತಂತುಗಳ ಲೆಕ್ಕ ತಪ್ಪಿದ ಭ್ರೂಣಗಳು ಹೆಚ್ಚಿದವು. ಕೈಬೆರಳೆಣಿಕೆಯ ಅಂಡಾಣುಗಳಿರುವಲ್ಲಿ ಕೋಶ ಒಂದಷ್ಟು ಸಹಿಸಿಕೊಳ್ಳುತ್ತದೆ; ಹೇರಳವಾಗಿರುವಲ್ಲಿ ಸಂಶಯ ಬಂದದ್ದನ್ನು ತೆಗೆದುಹಾಕುತ್ತದೆ. ಹೀಗೆಂದು ಓದಿಕೊಳ್ಳಲು ನನಗೆ ಇಷ್ಟ.

ಇದೇ ಕಟ್ಟುನಿಟ್ಟಿನಿಂದ ಹೊಸ ಪ್ರಭೇದಗಳು ಬೇರೆಯಾಗುವ ಗಳಿಗೆಯೂ ಬಯಲಾಯಿತು. ಮನೆ ಇಲಿಯ ಎರಡು ಉಪಜಾತಿಗಳನ್ನು ಕೂಡಿಸಿದರೆ ಹೆಣ್ಣುಮರಿಗಳು ಫಲವತ್ತು, ಕೆಲವು ಜೋಡಣೆಯಲ್ಲಿ ಗಂಡುಮರಿಗಳು ಬಂಜೆ. ಪ್ರಾಗ್‌ನ ಯಿರ್ಜಿ ಫೊರೆಯ್ತ್ 1974ರಲ್ಲಿ ಇದರ ಹಿಂದಿನ ಜೀನಿನ ಜಾಡು ಹಿಡಿದರು. ಅದು ಪಿಆರ್‌ಡಿಎಂ9 ಎಂದು ಅವರ ತಂಡ ತೋರಿಸಿದ್ದು 2009ರಲ್ಲಿ. ಮರುವರ್ಷವೇ ಬೇರೆ ಮೂರು ತಂಡಗಳು, ಇಲಿಯಲ್ಲೂ ಮನುಷ್ಯನಲ್ಲೂ ಕತ್ತರಿ ಎಲ್ಲಿ ಬೀಳಬೇಕೆಂದು ಗುರುತು ಹಾಕುವುದು ಇದೇ ಪ್ರೋಟೀನು ಎಂದು ಪ್ರಕಟಿಸಿದವು. ಅದು ಬೆರಳಿನಂಥ ಭಾಗಗಳಿಂದ ಡಿಎನ್ಎ ಓದಿ ಕೂರುತ್ತದೆ. ಆ ಬೆರಳುಗಳು ವಿಕಾಸದಲ್ಲಿ ಬಲು ಬೇಗ ಬದಲಾಗುತ್ತವೆ. ಎರಡು ಉಪಜಾತಿಗಳ ಗುರುತುಗಳು ಹೊಂದದಿದ್ದರೆ ಒಂದು ಎಳೆಯಲ್ಲಿ ಮುರಿದಲ್ಲಿ ಎದುರಿನದು ಸಿದ್ಧವಿರುವುದಿಲ್ಲ. ಗಾಯ ಮಾಯುವುದು ತಡವಾಗುತ್ತದೆ, ಕೋಶ ಸಾಯುತ್ತದೆ. 2016ರಲ್ಲಿ ಆಕ್ಸ್‌ಫರ್ಡ್ ತಂಡ ಇಲಿಯ ಪಿಆರ್‌ಡಿಎಂ9ಗೆ ಮನುಷ್ಯನ ಬೆರಳುಗಳನ್ನು ಜೋಡಿಸಿತು. ಮಿಶ್ರ ಗಂಡಿಲಿಗಳು ಫಲವತ್ತಾದವು. ಎರಡೂ ವಂಶಗಳಿಗೆ ಹೊಸತಾದ ಗುರುತು ಸಿಕ್ಕಾಗ ಜೋಡಿಗಳು ಮತ್ತೆ ಒಂದನ್ನೊಂದು ಕಂಡುಕೊಂಡವು. ಗಿಡಗಳಲ್ಲಿ, ಹಕ್ಕಿಗಳಲ್ಲಿ ಪಿಆರ್‌ಡಿಎಂ9 ಇಲ್ಲ. ಅಲ್ಲಿ ಕತ್ತರಿ ಹೆಚ್ಚಾಗಿ ಜೀನುಗಳ ಬಾಗಿಲ ಬಳಿಯಲ್ಲೇ ಬೀಳುತ್ತದೆ.

ಗಿಡಗಳ ಮಾತು ಬಂದಾಗ ಮನಸ್ಸು ನಿಧಾನವಾಗುತ್ತದೆ. ಪ್ರಾಣಿಯಲ್ಲಿ ಸಂತಾನದ ಕೋಶಗಳನ್ನು ಭ್ರೂಣದಲ್ಲೇ ಎತ್ತಿಟ್ಟಿರುತ್ತದೆ. ಗಿಡದಲ್ಲಿ ಹಾಗಿಲ್ಲ. ಮೊಗ್ಗು ಕಟ್ಟುವವರೆಗೂ ಯಾವ ಕೋಶ ಪರಾಗವಾದೀತೆಂದು ತೀರ್ಮಾನವಾಗಿರುವುದಿಲ್ಲ. 2012ರಲ್ಲಿ ಸ್ಟಾನ್‌ಫರ್ಡ್‌ನ ಟಿಮೊಥಿ ಕೆಲಿಹರ್ ಮತ್ತು ವರ್ಜೀನಿಯಾ ವಾಲ್ಬಟ್ ಮೆಕ್ಕೆಜೋಳದಲ್ಲಿ ಈ ತೀರ್ಮಾನದ ಹಿಂದಿನ ಕಾರಣ ಹುಡುಕಿದರು: ಆಮ್ಲಜನಕದ ಕೊರತೆ. ಸುತ್ತಿದ ಎಲೆಗಳೊಳಗೆ ಬೆಳೆಯುವ ಎಳೆಯ ಪರಾಗಕೋಶದ ನಡುವಿಗೆ ಗಾಳಿ ಕಡಿಮೆ. ಉಸಿರು ಕಟ್ಟಿದ ಕೋಶವೇ ಸಂತಾನದ ದಾರಿ ಹಿಡಿಯುತ್ತದೆ. ಒಳಗಿನ ಗಾಳಿ ಬದಲಿಸಿದರೆ ಅಂಥ ಕೋಶಗಳ ಸಂಖ್ಯೆಯೂ ಬದಲಾಯಿತು. ಇಲಿಯಂಥ ಸಸ್ತನಿಗಳಲ್ಲಿ ಆ ಅಪ್ಪಣೆ ಬರುವುದು ಎ ಜೀವಸತ್ವದಿಂದಾಗುವ ರೆಟಿನೋಯಿಕ್ ಆಮ್ಲದಿಂದ. ಅದು ಎಸ್‌ಟಿಆರ್‌ಎ8 ಎಂಬ ಜೀನನ್ನು ಎಬ್ಬಿಸುತ್ತದೆ. ಎ ಜೀವಸತ್ವವಿಲ್ಲದ ಇಲಿಯ ವೃಷಣದಲ್ಲಿ ಕೋಶಗಳು ಬಾಗಿಲಲ್ಲೇ ನಿಲ್ಲುತ್ತವೆ. ಕೊಟ್ಟೊಡನೆ ಎಲ್ಲವೂ ಒಟ್ಟಿಗೆ ಹೊರಡುತ್ತವೆ.

ದಾರಿ ಹಿಡಿದ ಪರಾಗದ ತಾಯಿಕೋಶದ ಸುತ್ತ ಕ್ಯಾಲೋಸ್ ಎಂಬ ಸಕ್ಕರೆಯ ಸರಪಳಿಯ ಹೊಳೆವ ಗೋಡೆ ಏಳುತ್ತದೆ. ಅದಕ್ಕೂ ಮೊದಲು ಈ ಕೋಶಗಳು ಅಗಲ ಕಂಡಿಗಳಿಂದ ಒಂದಕ್ಕೊಂದು ಬೆಸೆದುಕೊಂಡಿರುತ್ತವೆ. ಲಿಲ್ಲಿಯಲ್ಲಂತೂ ಒಂದು ಪರಾಗಕೋಶದ ತಾಯಿಕೋಶಗಳೆಲ್ಲ ಒಂದೇ ಹೆಜ್ಜೆಯಲ್ಲಿ ನಡೆಯುತ್ತವೆ, ಮೊಗ್ಗಿನ ಉದ್ದ ಅಳೆದರೆ ಒಳಗೆ ಯಾವ ಹಂತವೆಂದು ಹೇಳಬಹುದು. ಹರ್ಬರ್ಟ್ ಸ್ಟರ್ನ್ ಮತ್ತು ಯಸುವೊ ಹೊಟ್ಟಾ ಇದೇ ಅನುಕೂಲ ಹಿಡಿದು ಮಿಯಾಸಿಸ್‌ನ ರಸಾಯನವನ್ನು ಮೊದಲು ಬಿಡಿಸಿದರು. ಪ್ರಾಣಿಯ ವೃಷಣದಲ್ಲೂ ಕೋಶಗಳು ಪೂರ್ತಿ ಬೇರಾಗುವುದಿಲ್ಲ. ನಡುವೆ ಕಿರುದಾರಿಗಳು ಉಳಿಯುತ್ತವೆ. ಎಕ್ಸ್ ಸಿಗದೆ ವೈ ಮಾತ್ರ ಸಿಕ್ಕ ಕೋಶಕ್ಕೆ ಎಕ್ಸ್‌ನ ಸರಕು ಪಕ್ಕದವರಿಂದ ಆ ದಾರಿಯಲ್ಲಿ ಬರುತ್ತದೆ. ಸಮಯ ಮಾತ್ರ ಒಬ್ಬೊಬ್ಬರದು ಒಂದು ಬಗೆ. 20 ಡಿಗ್ರಿ ಬಿಸುಪಿನಲ್ಲಿ ಗೋಧಿಗೆ ಮಿಯಾಸಿಸ್ ಒಂದು ದಿನದ ಕೆಲಸ, ಲಿಲ್ಲಿಗೆ ಎಂಟು ದಿನ, ಮನುಷ್ಯನ ವೃಷಣಕ್ಕೆ ಮೂರು ವಾರಕ್ಕೂ ಮಿಕ್ಕಿ.

ಎರಡು ವಿಭಜನೆ ಮುಗಿದು ಪರಾಗದ ತಾಯಿಕೋಶ ನಾಲ್ಕಾದ ಮೇಲೆ ಸುತ್ತಲಿನ ಟ್ಯಾಪಿಟಮ್ ಪದರ ಕ್ಯಾಲೋಸನ್ನು ಕರಗಿಸಿ ನಾಲ್ವರನ್ನೂ ಬಿಡಿಸುತ್ತದೆ, ತಿನ್ನಿಸುತ್ತದೆ, ಪರಾಗದ ಹೊರಕವಚಕ್ಕೆ ಸಾಮಗ್ರಿ ಕೊಟ್ಟು ತಾನು ಸಾಯುತ್ತದೆ. ಕರಗುವುದು ತುಸು ಮುಂಚೆಯಾದರೂ ಪರಾಗ ಕೆಡುತ್ತದೆ. ಅರಾಬಿಡಾಪ್ಸಿಸ್‌ನ ಕ್ವಾರ್ಟೆಟ್ ಎಂಬ ರೂಪಾಂತರಿಯಲ್ಲಿ ನಾಲ್ಕೂ ಪರಾಗ ಬಿಡಿಸಿಕೊಳ್ಳದೆ ಒಟ್ಟಿಗೇ ಹಣ್ಣಾಗುತ್ತವೆ. ಅವಕ್ಕೆ ಬಣ್ಣ ಬಣ್ಣದ ಬೆಳಕಿನ ಗುರುತು ಹಾಕಿದರೆ, ಒಂದು ಮಿಯಾಸಿಸ್‌ನ ನಾಲ್ಕು ಮಕ್ಕಳು ಪಕ್ಕ ಪಕ್ಕ ಕೂತು, ಯಾರಿಗೆ ಏನು ಹೋಯಿತೆಂದು ತಾವೇ ತೋರಿಸುತ್ತವೆ. ಈ ವಿಷಯದಲ್ಲಿ ನಾನು ಕಂಡ ಚಿತ್ರಗಳಲ್ಲಿ ಅತ್ಯಂತ ಚೆಲುವಾದದ್ದು ಅದು.

ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯಲ್ಲಿ ಇಮ್ರಾನ್ ಸಿದ್ದಿಕಿ ಅವರ ತಂಡ ಇದೇ ಗಿಡದಲ್ಲಿ ಎರಡು ರೂಪಾಂತರಿಗಳನ್ನು ಹಿಡಿಯಿತು. 2000ದಲ್ಲಿ ಡಯಾಡ್: ಹೆಣ್ಣಿನ ಕಡೆ ನಾಲ್ಕರ ಬದಲು ಎರಡೇ ಕೋಶ. 2003ರಲ್ಲಿ ಡ್ಯುಯೆಟ್: ಗಂಡಿನ ಕಡೆ ವರ್ಣತಂತುಗಳು ಮೊದಲ ವಿಭಜನೆಯಲ್ಲಿ ತಡವರಿಸಿ, ನಾಲ್ಕಾಗಬೇಕಾದದ್ದು ಎರಡರಲ್ಲಿ ನಿಲ್ಲುವುದು. ಡ್ಯುಯೆಟ್‌ನ ಪ್ರೋಟೀನು ಬೇಕಾಗುವುದು ಗಂಡು ಮಿಯಾಸಿಸ್‌ಗೆ. ಅದೇ ವರ್ಷ ಅಮೆರಿಕದ ತಂಡವೊಂದು ಅದೇ ಜೀನನ್ನು ಬೇರೆ ಹೆಸರಿನಲ್ಲಿ ಕಂಡುಹಿಡಿಯಿತು. ಒಂದೇ ಹೂವಿನೊಳಗೆ ಗಂಡಿಗೊಂದು, ಹೆಣ್ಣಿಗೊಂದು ಬೇರೆ ಹಿಡಿತ ಇರುವುದು ಇಷ್ಟು ಸ್ಪಷ್ಟವಾಗಿ ಕಾಣುವ ಜಾಗಗಳು ಕಡಿಮೆ.

ಜೋಡಿಯ ಲೆಕ್ಕ ತಪ್ಪಿದರೆ ಏನಾಗುತ್ತದೆಂದು ನಂಜನಗೂಡಿನ ರಸಬಾಳೆ ಸುಲಿದವರೆಲ್ಲ ನೋಡಿದ್ದಾರೆ. ಅದರಲ್ಲಿ ವರ್ಣತಂತುಗಳ ಮೂರು ತಂಡ. ಮೂರನ್ನು ಸಮನಾಗಿ ಇಬ್ಭಾಗ ಮಾಡಲಾಗದು. ಬೀಜವಿಲ್ಲ, ಮುಂದಿನ ಗಿಡ ಕಂದಿನಿಂದಲೇ ಬರಬೇಕು. ಗೋಧಿಯಲ್ಲಿ ಆರು ತಂಡ, 42 ವರ್ಣತಂತು, ಮೂರು ಹುಲ್ಲುಗಳ ವಂಶ. ಅಣ್ಣತಮ್ಮಂದಿರಂಥ ಎಳೆಗಳು ಅಡ್ಡಾದಿಡ್ಡಿ ಕೂಡದಂತೆ ತಡೆಯುವ ಪಿಎಚ್1 ಎಂಬ ಜಾಗವನ್ನು 1958ರಲ್ಲಿ ಇಂಗ್ಲೆಂಡಿನಲ್ಲೂ ಅಮೆರಿಕದಲ್ಲೂ ಏಕಕಾಲಕ್ಕೆ ಗುರುತಿಸಿದರು. ನಮ್ಮ ತೋಟಗಳ ಅಂಚಿಗೆ ನೆಡುವ ರಿಯೊ ಗಿಡ, ಎಲೆಯ ಮೇಲೆ ಹಸಿರು, ಅಡಿಗೆ ನೇರಳೆ, ದೋಣಿಯಾಕಾರದ ತೊಟ್ಟೆಲೆಯೊಳಗೆ ಬಿಳಿ ಹೂ, ಮತ್ತೊಂದು ದಾರಿ ಹಿಡಿದಿದೆ: ಅದರ ಹನ್ನೆರಡು ವರ್ಣತಂತುಗಳು ಆರು ಜೋಡಿಯಾಗದೆ ಒಂದೇ ಉಂಗುರವಾಗಿ ನಿಲ್ಲುತ್ತವೆ.

ಕೂಟವನ್ನೇ ತೆಗೆದುಹಾಕಿದರೆ? 2009ರಲ್ಲಿ ಅರಾಬಿಡಾಪ್ಸಿಸ್‌ನ ಮೂರು ಜೀನುಗಳನ್ನು ಕೆಡಿಸಿ ಅದನ್ನು ಮಾಡಿ ತೋರಿಸಿದರು. ಸ್ಪೋ11 ಇಲ್ಲ, ಹಾಗಾಗಿ ಮುರಿಯುವುದಿಲ್ಲ. ಎರಡನೆಯದಿಲ್ಲ, ನಕಲುಗಳು ಮೊದಲೇ ಬಿಡಿಸಿಕೊಳ್ಳುತ್ತವೆ. ಮೂರನೆಯದಿಲ್ಲ, ಎರಡನೇ ವಿಭಜನೆ ನಡೆಯುವುದಿಲ್ಲ. ಪರಾಗವೂ ಅಂಡವೂ ತಾಯಿಗಿಡದ ತದ್ರೂಪ. 2019ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಇಮ್ತಿಯಾಜ್ ಖಾಂಡೆ, ವೆಂಕಟೇಶನ್ ಸುಂದರೇಶನ್ ಮತ್ತು ಸಂಗಡಿಗರು ಭತ್ತದಲ್ಲಿ ಈ ಉಪಾಯಕ್ಕೆ ಇನ್ನೊಂದು ಜೀನು ಸೇರಿಸಿ, ತಾಯಿಯದೇ ಪ್ರತಿಯಾದ ಬೀಜ ಪಡೆದರು. ಪ್ರತಿ ವರ್ಷ ಹೈಬ್ರಿಡ್ ಬೀಜ ಕೊಳ್ಳುವ ರೈತನಿಗೆ ಇದರಿಂದ ಒಂದು ದಿನ ಉಪಕಾರವಾದೀತು, ಆಗಲೆಂದು ಆಸೆಪಡುತ್ತೇನೆ. ಕಳಚಬಲ್ಲೆವೆಂದರೆ ಕಟ್ಟಡವನ್ನು ಅಷ್ಟರಮಟ್ಟಿಗೆ ಓದಿದ್ದೇವೆ ಎಂಬುದೂ ನನಗೆ ಸಂತೋಷದ ವಿಷಯ.

ನೋಡಬೇಕೆನ್ನುವವರು ಈರುಳ್ಳಿಯಿಂದ ಶುರುಮಾಡಬಹುದು. ಬೀಜಕ್ಕೆ ಬಿಟ್ಟ ಗಿಡದಲ್ಲಿ ಹೂಗೊಂಚಲು ತೆಳು ಬಿಳಿ ಪೊರೆಯೊಳಗಿರುವಾಗಲೇ ಬೆಳಿಗ್ಗೆ ಕಿತ್ತು, ಮೂರು ಪಾಲು ಆಲ್ಕೋಹಾಲ್‌ಗೆ ಒಂದು ಪಾಲು ಅಸಿಟಿಕ್ ಆಮ್ಲ ಬೆರೆಸಿದ ದ್ರಾವಣದಲ್ಲಿ ಒಂದು ದಿನ ಬಿಡಬೇಕು. ಗೊಂಚಲಿನಲ್ಲಿ ಬೇರೆಬೇರೆ ಗಾತ್ರದ ಮೊಗ್ಗುಗಳಿರುತ್ತವೆ. ಪರಾಗಕೋಶ ಹಳದಿಗೆ ತಿರುಗಿದ್ದರೆ ತಡವಾಯಿತೆಂದು ಅರ್ಥ, ಇನ್ನೂ ಪಾರದರ್ಶಕವಾಗಿರುವ ಚಿಕ್ಕದನ್ನು ಆರಿಸಿ. ಗಾಜಿನ ಮೇಲೆ ಅಸಿಟೋಕಾರ್ಮಿನ್ ಹನಿಯಲ್ಲಿ ಹಿಸುಕಿ, ಮೇಲೆ ಕವರ್‌ಸ್ಲಿಪ್ ಇಟ್ಟು ಮೆಲ್ಲಗೆ ಒತ್ತಿ. 16 ವರ್ಣತಂತು, ಎಂಟು ಜೋಡಿ. ಅಡ್ಡಗಂಟುಗಳು ತೋಳುಗಳ ಉದ್ದಕ್ಕೂ ಅಲ್ಲಲ್ಲಿ ಹರಡಿರುತ್ತವೆ. ಚೀನಾ, ಜಪಾನಿನ ಅಡುಗೆಯಲ್ಲಿ ಬಳಸುವ, ಗೆಡ್ಡೆ ಕಟ್ಟದ ಅದರ ಬಂಧುವಿನ ಮೊಗ್ಗು ಸಿಕ್ಕರೆ ಅದನ್ನೂ ಪಕ್ಕದಲ್ಲಿಟ್ಟು ನೋಡಿ: ಅಲ್ಲೂ ಎಂಟೇ ಜೋಡಿ, ಆದರೆ ಗಂಟುಗಳೆಲ್ಲ ನಡುಗಂಟಿನ ಪಕ್ಕದಲ್ಲೇ ಬಿದ್ದಿರುತ್ತವೆ.